ನೀಲಿ ದಾರದ ಮರಿ

ಸೊಸೆ ಹಿಂದಿನ ಕೋಣೆಯಲ್ಲಿ ಬೆಕ್ಕು ಸಾಕತೊಡಗಿ ಆರು ವರ್ಷವಾಗಿದ್ದರೂ ಲಿಫ್ಟ್ ಮೇಸ್ತ್ರಿಗಳು ಆ ಕೋಣೆಯ ಹೊಸ್ತಿಲು ದಾಟಿದವರಲ್ಲ. ಮೂವತ್ತನಾಲ್ಕು ವರ್ಷ ಎತ್ತರದ ಕಟ್ಟಡಗಳ ಲಿಫ್ಟುಗಳನ್ನು ರಿಪೇರಿ ಮಾಡಿ ನಿವೃತ್ತರಾದ ಮನುಷ್ಯ. ಉಗುರಿನ ಸಂದಿಯ ಗ್ರೀಸು ಹೋಗಿದ್ದರೂ ಬಾಯಿಯ ಜಬರ್ದಸ್ತು ಹೋಗಿರಲಿಲ್ಲ. ಯಾರಾದರೂ ಸೊಸೆ ಏನು ಮಾಡುತ್ತಾಳೆಂದು ಕೇಳಿದರೆ, "ಮನೇಲೇ ಮೃಗಾಲಯ ಇಟ್ಕೊಂಡಿದ್ದಾಳೆ. ಬಾಗಿಲಲ್ಲಿ ಟಿಕೆಟ್ ಹರಿಯೋದೊಂದು ಬಾಕಿ" ಎನ್ನುತ್ತಿದ್ದರು. ಸೊಸೆಯ ಕಿವಿಗೆ ಬೀಳಲಿ ಎಂದೇ ಗಟ್ಟಿಯಾಗಿ ಹೇಳುತ್ತಿದ್ದರು. ಬೀಳುತ್ತಿತ್ತು. ಅವಳು ಮರಿಗಳ ಬಟ್ಟೆ ಒಗೆಯಲು ಹೋಗುತ್ತಿದ್ದಳು.

ಅವಳು ಸಾಕುತ್ತಿದ್ದದ್ದು ಬೀದಿ ಬೆಕ್ಕುಗಳನ್ನಲ್ಲ. ಮೈಯೆಲ್ಲ ಚುಕ್ಕೆಯಿರುವ ಸಣ್ಣ ಕಾಡುಬೆಕ್ಕನ್ನೂ ಮನೆಬೆಕ್ಕನ್ನೂ ಕೂಡಿಸಿ ತೆಗೆದ ಮಿಶ್ರತಳಿ ಅದು. ಕಾಡಿನಿಂದ ಎಣಿಸಿದರೆ ತಾಯಿ ಬೆಕ್ಕು ಎರಡನೇ ತಲೆಮಾರು, ಅದರ ಮರಿಗಳು ಮೂರನೆಯವು. ಕಾಗದಪತ್ರವೆಲ್ಲ ಸರಿಯಿತ್ತು. ಮದುವೆಗೆ ಮೊದಲು ಪಶುವೈದ್ಯರ ಬಳಿ ಸಹಾಯಕಿಯಾಗಿದ್ದವಳು, ಕೆಲಸದ ಒಳಹೊರಗು ಬಲ್ಲವಳು. "ಮೈಬಣ್ಣ ಕಾಡಿಂದು ಬರಬೇಕು, ಗುಣ ಮನೇದು ಬರಬೇಕು. ಇಷ್ಟೇ" ಎಂದು ಹೇಳುತ್ತಿದ್ದಳು. ಆ ಇಷ್ಟಕ್ಕೇ ಆರು ವರ್ಷ ಹಿಡಿದಿತ್ತು.

ಗುಣ ಮನೆಯದಾಗಬೇಕಾದರೆ ಅದಕ್ಕೊಂದು ಕಟ್ಟುನಿಟ್ಟು. ಮೂರನೇ ವಾರದಿಂದ ಪ್ರತಿ ಮರಿಯನ್ನೂ ದಿನಕ್ಕೆ ನಾಲ್ಕು ಜನ ಬೇರೆ ಬೇರೆಯಾಗಿ ಎತ್ತಿಕೊಂಡು ಕಾಲುಗಂಟೆ ಕೂರಬೇಕು. ನಾಲ್ಕು ಕೈ, ನಾಲ್ಕು ದನಿ, ನಾಲ್ಕು ಮೈವಾಸನೆ. ಒಂದೇ ಕೈ ಅಭ್ಯಾಸವಾಯಿತೋ, ಕಾಡುರಕ್ತದ ಮರಿ ಆ ಒಬ್ಬರನ್ನು ಮಾತ್ರ ನಂಬಿ, ಮಿಕ್ಕ ಲೋಕವನ್ನೆಲ್ಲ ಶತ್ರುವೆಂದುಕೊಂಡು ಬೆಳೆಯುತ್ತದೆ. ಇದು ತಪ್ಪಬಾರದೆಂದು ಸೊಸೆ ಕೋಣೆಯ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದ್ದಳು. ಪಾಳಿ ಮುಗಿಸಿದವರು ತಮ್ಮ ಸಾಲಿನಲ್ಲಿ ಟಿಕ್ಕು ಹಾಕಬೇಕು. ಅವಳದೊಂದು ಕೈ, ಬೇಕರಿಯಲ್ಲಿ ಒಲೆ ನೋಡಿಕೊಳ್ಳುವ ಗಂಡನದೊಂದು, ಹನ್ನೆರಡು ವರ್ಷದ ಮಗಳದೊಂದು. ಎಲ್ಲದಕ್ಕೂ ವಾದ ಹೂಡುವ ಆ ಹುಡುಗಿಯನ್ನು ಮನೆಯಲ್ಲಿ ಲಾಯರು ಎಂದೇ ಕರೆಯುತ್ತಿದ್ದರು. ನಾಲ್ಕನೇ ಕೈ ಎದುರು ಮನೆಯ ನರ್ಸಿನದು. ಈ ಸಲ ಮರಿಗಳು ಕಣ್ಣು ಬಿಡುವಷ್ಟರಲ್ಲಿ ನರ್ಸಿಗೆ ವರ್ಗವಾಗಿ ಅವಳು ಮನೆ ಖಾಲಿ ಮಾಡಿಕೊಂಡು ಹೋದಳು.

"ಮಾವ, ನೀವು ಮನೇಲೇ ಇರ್ತೀರಲ್ಲ," ಎಂದು ಸೊಸೆ ಊಟದ ಹೊತ್ತಿನಲ್ಲಿ ಮಾತು ತೆಗೆದಳು.

"ನಾನಾ? ನಾನು ಮುಟ್ಟಿದ್ರೆ ಅದು ಮೂರನೇ ಮಹಡೀಲಿ ಸಿಕ್ಕಾಕ್ಕೊಳ್ಳುತ್ತೆ."

"ನಾಲ್ಕು ಮರಿ, ಕಾಲುಕಾಲು ಗಂಟೆ. ಒಟ್ಟು ಒಂದು ಗಂಟೆ," ಎಂದಳು ಲಾಯರು. "ತಾತ, ನೀನು ಟೀವಿ ಮುಂದೆ ಗೊರಕೆ ಹೊಡಿಯೋದು ನಾಲ್ಕು ಗಂಟೆ. ಅದರಲ್ಲಿ ಒಂದು ಕೊಡು. ಮಿಕ್ಕ ಮೂರು ನಿಂದೇ."

"ನಾನು ಗೊರಕೆ ಹೊಡಿಯಲ್ಲ."

"ಸಾಕ್ಷಿ ಇದೆ. ಅಪ್ಪನ ಫೋನಲ್ಲಿ ರೆಕಾರ್ಡಾಗಿದೆ."

ಮಗ ತಟ್ಟೆಯತ್ತ ಬಗ್ಗಿ ನಕ್ಕ. ಮೇಸ್ತ್ರಿಗಳು ಸೋತರು.

ಮರಿಗಳ ಕತ್ತಿಗೆ ಗುರುತಿಗೆಂದು ಬಣ್ಣದ ದಾರ ಕಟ್ಟಿತ್ತು: ಕೆಂಪು, ಹಳದಿ, ಹಸಿರು, ನೀಲಿ. ಸೊಸೆ ದಿನಾ ಬೆಳಗ್ಗೆ ಅಡುಗೆಮನೆಯ ತಕ್ಕಡಿಯಲ್ಲಿ ನಾಲ್ಕನ್ನೂ ತೂಗುತ್ತಿದ್ದಳು. ಮೂರು ಮರಿಗಳು ಮುನ್ನೂರೈವತ್ತು ಗ್ರಾಂ ಮುಟ್ಟಿದಾಗ ನೀಲಿ ದಾರದ್ದು ಇನ್ನೂ ಇನ್ನೂರ ಮೂವತ್ತರಲ್ಲಿತ್ತು. ಗಂಡು ಬೇರೆ. ಮೂರನೇ ತಲೆಮಾರಿನ ಗಂಡಿಗೆ ಮರಿಯಾಗುವುದಿಲ್ಲ. ತಳಿಗೆ ಅದರಿಂದ ಉಪಯೋಗವಿಲ್ಲ. ಯಾರದಾದರೂ ಮನೆಯಲ್ಲಿ ಮುದ್ದಿನ ಬೆಕ್ಕಾಗಿ ಬಾಳಬೇಕು, ಅಷ್ಟೇ ಅದರ ದಾರಿ. ತಾಯಿಯ ಹಾಲಿಗೆ ನುಗ್ಗಿ ಹೋಗುವ ಶಕ್ತಿ ಅದಕ್ಕಿರಲಿಲ್ಲವಾದ್ದರಿಂದ ಮೂರು ಗಂಟೆಗೊಮ್ಮೆ ಬಾಟಲಿಯಲ್ಲಿ ಪುಡಿಹಾಲು ಕುಡಿಸಬೇಕಾಯಿತು. ಆ ಕೆಲಸವೂ ಮನೆಯಲ್ಲಿರುವವರ ಪಾಲಿಗೇ ಬಂತು.

ಮೊದಲ ದಿನ ಮೇಸ್ತ್ರಿಗಳು ಅದನ್ನು ಬೇರಿಂಗ್ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದರು. ಅದು ಹಾಲು ಕುಡಿದು, ಅವರ ಬನಿಯನ್ನಿನ ಮೇಲೆ ಒಂದು ಸುತ್ತು ತಿರುಗಿ, ಕತ್ತಿನ ಬುಡದಲ್ಲಿ ಮುಖವಿಟ್ಟು ನಿದ್ದೆ ಹೋಯಿತು. ಸಣ್ಣ ಮೋಟರು ಓಡುವ ಹಾಗೆ ಅದರ ಗುರುಗುರು ಅವರ ಎದೆಯ ಮೂಳೆಗೆ ಕೇಳಿಸಿತು. ಹೆಂಡತಿ ಹೋಗಿ ನಾಲ್ಕು ವರ್ಷವಾಗಿತ್ತು. ಮೊಮ್ಮಗಳು ಮಡಿಲಿಗೆ ಬರುವ ವಯಸ್ಸು ದಾಟಿದ್ದಳು. ಅಷ್ಟು ದಿನದಿಂದ ತಮ್ಮ ಮೈಗೆ ಯಾವ ಜೀವವೂ ಒರಗಿಲ್ಲವೆಂಬುದು ಅವರಿಗೆ ಆಗಲೇ ಹೊಳೆದದ್ದು. ಕಾಲುಗಂಟೆ ಮುಗಿದರೂ ಅವರು ಏಳಲಿಲ್ಲ.

ಸುಳ್ಳು ಟಿಕ್ಕು ಶುರುವಾದದ್ದು ಒಳ್ಳೆಯತನದಿಂದಲೇ. ಮಗ ಒಲೆಯ ಪಾಳಿ ಮುಗಿಸಿ ಹಿಟ್ಟು ಮೆತ್ತಿದ ಮುಖದಲ್ಲೇ ಬಂದು ಕೋಣೆಯ ಬಾಗಿಲಲ್ಲಿ ತೂಕಡಿಸುತ್ತಿದ್ದ. "ಹೋಗಿ ಮಲಕ್ಕೋ. ನೀಲೀದನ್ನ ನಾನು ನೋಡ್ಕೋತೀನಿ," ಎಂದರು ಮೇಸ್ತ್ರಿಗಳು. ಮಗನ ಸಾಲಿನಲ್ಲಿ ಟಿಕ್ಕು ಹಾಕಿದರು. ಮರುದಿನವೂ ಹಾಕಿದರು. ಲಾಯರಿಗೆ ಪರೀಕ್ಷೆ ಬಂತು.

"ತಾತ, ಮೂರು ಮರಿ ನಾನು ಮಾಡಿದ್ದೀನಿ. ನೀಲಿ ನಿನ್ನ ಕತ್ತು ಬಿಟ್ಟು ಬರ್ತಾ ಇಲ್ಲ."

"ಬಿಡು, ನಿಂದೂ ನಾನೇ ಹಾಕ್ತೀನಿ. ಹೋಗಿ ಓದ್ಕೋ."

"ಅಮ್ಮನಿಗೆ ಹೇಳ್ತೀಯಾ?"

"ನಾನ್ಯಾಕೆ ಹೇಳಲಿ?"

ಸೊಸೆ ತನ್ನ ಪಾಳಿಗೆ ಬಂದಾಗ, "ಈಗ ತಾನೇ ಹಾಲು ಕುಡ್ದು ಮಲಗಿದೆ ಅಮ್ಮ, ಎಬ್ಬಿಸಬೇಡ" ಎನ್ನುತ್ತಿದ್ದರು. ಅವಳಿಗೆ ಒಗೆಯುವುದು, ತೂಗುವುದು, ತಾಯಿ ಬೆಕ್ಕಿಗೆ ಮಾಂಸ ಕೊಚ್ಚುವುದು ರಾಶಿ ಬಿದ್ದಿರುತ್ತಿತ್ತು. ಹೀಗೆ ಮೊದಲು ಒಳ್ಳೆಯತನವಾಗಿದ್ದದ್ದು ಕೆಲವು ದಿನದಲ್ಲಿ ದುರಾಸೆಯಾಯಿತು. ಬೇರೆಯವರು ಕೋಣೆಗೆ ಬರುವ ಹೊತ್ತಿಗೆ ಮರಿಯನ್ನು ಅಂಗಿಯೊಳಗೆ ಹಾಕಿಕೊಂಡು ತಮ್ಮ ರೂಮಿಗೆ ನಡೆದುಬಿಡುತ್ತಿದ್ದರು. ಅದಕ್ಕೆ ಬೋಲ್ಟು ಎಂದು ಹೆಸರನ್ನೂ ಇಟ್ಟರು, ಯಾರಿಗೂ ಹೇಳದೆ. ಇದೇ ಮನುಷ್ಯ ನೌಕರಿಯಲ್ಲಿದ್ದಾಗ, ಬ್ರೇಕು ನೋಡದೆ ಪಟ್ಟಿಯಲ್ಲಿ ಟಿಕ್ಕು ಹಾಕಿದ ಸಹೋದ್ಯೋಗಿಯ ಜೊತೆ ಒಂದು ವರ್ಷ ಮಾತು ಬಿಟ್ಟಿದ್ದವರು.

ಐದನೇ ವಾರಕ್ಕೆ ಮರಿಗಳ ಚುಕ್ಕೆಗಳೆಲ್ಲ ಮಾಯವಾಗಿ, ಮೈಮೇಲೆ ಬೂದಿ ಬಣ್ಣದ ನವಿರು ಎದ್ದು, ನಾಲ್ಕೂ ಹಳೆ ಕಂಬಳಿಯ ತುಂಡುಗಳ ಹಾಗಾದವು. ಮೇಸ್ತ್ರಿಗಳು ಗಾಬರಿಯಾದರು.

"ಏನಮ್ಮ ಇದು, ಬಣ್ಣ ಬಿಟ್ಕೊಂಡ್ವಲ್ಲ?"

"ಈ ತಳಿ ಹಾಗೇ ಮಾವ. ಕಾಡಲ್ಲಿ ಮರಿ ಗೂಡಿಂದ ಹೊರಗೆ ಬರೋ ವಯಸ್ಸಲ್ಲಿ ಯಾರ ಕಣ್ಣಿಗೂ ಬೀಳಬಾರದಲ್ಲ, ಅದಕ್ಕೆ ಈ ಮುಸುಕು. ಮೂರು ನಾಲ್ಕು ತಿಂಗಳಿಗೆ ಉದುರಿ ಚುಕ್ಕೆ ಎದ್ದು ಬರುತ್ತೆ."

ಆರು ವರ್ಷದಲ್ಲಿ ಅವರು ಅವಳ ಕೆಲಸದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ಅವಳು ಖುಷಿಯಿಂದ ಇನ್ನೂ ಏನೇನೋ ಹೇಳುವುದರಲ್ಲಿದ್ದಳು. ಮೇಸ್ತ್ರಿಗಳಿಗೆ ಬೋಲ್ಟಿನ ಹಾಲಿನ ಹೊತ್ತಾಗಿತ್ತು, ಎದ್ದು ಹೋದರು.

ಒಂಬತ್ತನೇ ವಾರ ಹಲ್ಲಿನ ಡಾಕ್ಟರೊಬ್ಬರು ಮರಿ ನೋಡಲು ಬಂದರು. ಒಂಟಿಯಾಗಿರುವ, ಮೆಲುದನಿಯ ಹೆಂಗಸು. ಕೆಂಪು, ಹಳದಿ, ಹಸಿರು ದಾರದ ಮರಿಗಳಿಗೆ ಆಗಲೇ ಮನೆಗಳು ಗೊತ್ತಾಗಿದ್ದವು. ಇವರು ಕೇಳಿದ್ದು ನೀಲಿಯನ್ನು. ಸೊಸೆ ಮರಿಯನ್ನು ಎತ್ತಿಕೊಳ್ಳಲು ಹೋದಳು. ಅದು ಕಿವಿ ಚಪ್ಪಟೆ ಮಾಡಿ, ಬುಸ್ಸೆಂದು, ಅವಳ ಮಣಿಕಟ್ಟಿಗೆ ಹಲ್ಲೂರಿ, ಪಾತ್ರೆ ಗೂಡಿನ ಹಿಂದೆ ಹೋಗಿ ಸೇರಿಕೊಂಡಿತು. ಮಗ ಕೈ ಚಾಚಿದ, ಅವನಿಗೂ ಪರಚಿತು. ಮೇಸ್ತ್ರಿಗಳು ತಮ್ಮ ರೂಮಿನ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದರು. ಒಂದು ಸಲ ಕೆಮ್ಮಿದ್ದರೆ ಸಾಕಿತ್ತು, ಅದು ಓಡಿ ಬರುತ್ತಿತ್ತು. ಕೆಮ್ಮಲಿಲ್ಲ.

"ಅವಸರ ಏನಿಲ್ಲ," ಎಂದರು ಡಾಕ್ಟರು. "ತಿಂಗಳು ಬಿಟ್ಟು ಬೇಕಾದ್ರೆ ಬರ್ತೀನಿ."

ಅವರು ಹೋದ ಮೇಲೆ ಸೊಸೆ ಕೈಗೆ ಔಷಧಿ ಹಚ್ಚಿಕೊಂಡು ಪಟ್ಟಿಯ ಮುಂದೆ ನಿಂತಳು. "ಒಂದು ಟಿಕ್ಕೂ ತಪ್ಪಿಲ್ಲ. ನಾಲ್ಕು ಕೈ ಆಡಿವೆ. ತೂಗೋವಾಗ ಒದ್ದಾಡ್ತಿತ್ತು, ಸಣ್ಣದು, ಹೆದರಿಕೆ ಅಂತ ಬಿಟ್ಟಿದ್ದೆ. ಇಷ್ಟಾದ್ರೂ ಹೀಗೆ ಅಂದ್ರೆ ಇದು ರಕ್ತದ್ದೇ ದೋಷ."

"ಒಂದು ಮರಿ ತಾನೆ? ಇರಲಿ ಬಿಡೇ," ಎಂದ ಗಂಡ.

"ಒಂದು ಮರೀಲಿ ಬಂದದ್ದು ಮುಂದಿನ ಸೂಲಲ್ಲಿ ಮೂರರಲ್ಲಿ ಬರುತ್ತೆ. ಕಚ್ಚೋ ತಳೀನ ಜನರ ಮನೆಗೆ ಕೊಡೋಕೆ ನನಗೆ ಮನಸ್ಸಿಲ್ಲ." ಔಷಧಿಯ ಮುಚ್ಚಳ ತಿರುಗಿಸಿದಳು. "ಸೋಮವಾರ ಪ್ರಾಣಿ ಡಾಕ್ಟ್ರನ್ನ ಕರೆಸ್ತೀನಿ. ತಾಯಿಗೆ ಆಪರೇಷನ್ ಮಾಡಿಸಿಬಿಡೋಣ. ಇಲ್ಲಿಗೆ ನಿಲ್ಲಿಸ್ತೀನಿ."

"ಆರು ವರ್ಷ ಕಷ್ಟಪಟ್ಟಿದ್ದೀಯಲ್ಲೇ?"

"ಪಟ್ಟೆ. ಏನು ಮಾಡಲಿ?"

"ಮತ್ತೆ ನೀಲಿ?" ಎಂದು ಕೇಳಿದಳು ಲಾಯರು.

"ಅದನ್ನ ಯಾರು ತಗೋತಾರೆ? ಇಲ್ಲೇ ಇರುತ್ತೆ."

ಇಲ್ಲೇ ಇರುತ್ತೆ. ಆ ಎರಡು ಮಾತು ಮೇಸ್ತ್ರಿಗಳ ಕಿವಿಗೆ ಜೇನು ಸುರಿದಂತಾಯಿತು. ಏನೂ ಮಾಡಬೇಕಾಗಿಲ್ಲ, ಬಾಯಿಗೆ ಬೀಗ ಹಾಕಿಕೊಂಡು ಸೋಮವಾರದವರೆಗೆ ಕೂತರೆ ಬೋಲ್ಟು ಜನ್ಮಪೂರ್ತಿ ಅವರದು. ಮೂರು ದಿನ ಅವರು ಹಾಗೇ ಕೂತರು. ಆದರೆ ಸೊಸೆಯನ್ನು ನೋಡದೆ ಇರಲಾಗಲಿಲ್ಲ. ಅವಳು ಖಾಲಿ ಡಬ್ಬಿಗಳನ್ನು ತೊಳೆದು ಬೋರಲು ಹಾಕುತ್ತಿದ್ದಳು, ತಾಯಿ ಬೆಕ್ಕಿನ ಕತ್ತು ತುರಿಸುತ್ತ, "ನಿಂದೇನೂ ತಪ್ಪಿಲ್ಲ ಕಣೇ" ಎನ್ನುತ್ತಿದ್ದಳು. ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತಿದ್ದಳು. ಮೃಗಾಲಯ ಮುಚ್ಚಿದರೆ ತಮಗೆ ಖುಷಿಯಾಗುತ್ತದೆಂದು ಮೇಸ್ತ್ರಿಗಳು ಆರು ವರ್ಷದಿಂದ ತಿಳಿದಿದ್ದರು. ಈಗ ಅದು ಮುಚ್ಚುವುದನ್ನು ನೋಡುತ್ತ ಅವರು ಅರ್ಧ ಊಟಕ್ಕೇ ತಟ್ಟೆ ಬಿಟ್ಟು ಏಳುತ್ತಿದ್ದರು.

ಭಾನುವಾರ ಬೆಳಗ್ಗೆ ಎಲ್ಲರೂ ಬ್ರೆಡ್ಡು ಮೊಟ್ಟೆ ತಿನ್ನುತ್ತಿರುವಾಗ ಹೇಳಿದರು.

"ಪ್ರಾಣಿ ಡಾಕ್ಟ್ರಿಗೆ ನಾಳೆ ಬರಬೇಡಿ ಅಂತ ಫೋನ್ ಮಾಡಮ್ಮ."

"ಯಾಕೆ ಮಾವ?"

"ರಕ್ತದ ತಪ್ಪಲ್ಲ. ಆ ಪಟ್ಟಿ ಸುಳ್ಳು. ನೀಲಿ ಹೆಸರಿನ ಮುಂದೆ ನಿನ್ನ ಗಂಡನ ಟಿಕ್ಕು ಹಾಕಿದ್ದು ನಾನು."

ಮಗ ಬ್ರೆಡ್ಡು ಕೆಳಗಿಟ್ಟ. "ಅದು ಎಲ್ಲೋ ನಾಲ್ಕು ದಿನ..."

"ಐದು ವಾರ ಕಣಪ್ಪ. ಇವಳದೂ ನಾನೇ."

"ಅಪ್ಪಂದೂ ನೀನೇ ಹಾಕ್ತಿದ್ದೆಯಾ?" ಲಾಯರು ಕೂಗಿದಳು. "ನನ್ನದೊಂದೇ ಅನ್ಕೊಂಡಿದ್ದೆ! ಒಬ್ಬರದು ತಪ್ಪಿದ್ರೆ ಮೂರು ಇರ್ತವಲ್ಲ ಅಂತ!"

"ನಾನೂ ಹಾಗೇ ಅನ್ಕೊಂಡಿದ್ದೆ," ಎಂದ ಮಗ, ಮೇಜು ನೋಡುತ್ತ.

ಸೊಸೆಯ ಮುಖ ಕೆಂಪಾಯಿತು. "ಮಾವ, ಮೂವತ್ತನಾಲ್ಕು ವರ್ಷ ಲಿಫ್ಟಿನ ಬ್ರೇಕು ನೋಡದೇನೇ ಟಿಕ್ಕು ಹಾಕಿದ್ರಾ?"

"ಒಂದು ಸಲಾನೂ ಇಲ್ಲ."

"ಮತ್ತೆ ನನ್ನ ಪಟ್ಟಿ ಏನು, ಆಟದ ಸಾಮಾನಾ?"

ಸುಳ್ಳು ಹೇಳಿ ಸಾಕಾಗಿತ್ತು. "ಹೌದಮ್ಮ," ಎಂದರು ಮೇಸ್ತ್ರಿಗಳು. "ಆಟ ಅಂತಲೇ ಅನ್ಕೊಂಡಿದ್ದೆ."

ಟೀ ಆರುತ್ತಿತ್ತು. ಯಾರೂ ಲೋಟ ಮುಟ್ಟಲಿಲ್ಲ. ಸೊಸೆ ಏನೋ ಜೋರಾಗಿ ಹೇಳಲು ಬಾಯಿ ತೆರೆದವಳು ಅರ್ಧಕ್ಕೇ ನಿಂತಳು. "ನನ್ನ ಪಾಳೀಲಿ ಅದು ಯಾವಾಗಲೂ ಮಲಗಿರ್ತಿತ್ತು," ಎಂದಳು ನಿಧಾನವಾಗಿ. "ಮೂರು ಮರಿ ಎತ್ಕೊಂಡು ನಾಲ್ಕಕ್ಕೂ ಒಟ್ಟಿಗೆ ಟಿಕ್ಕು ಹಾಕಿಬಿಡ್ತಿದ್ದೆ. ಆಮೇಲೆ ನೋಡೋಣ, ಆಮೇಲೆ ನೋಡೋಣ ಅಂತ." ಮುಖ ಮುಚ್ಚಿಕೊಂಡಳು. "ಪಟ್ಟಿ ಮಾಡಿದೋಳೇ ನಾನು."

ಬೈಗುಳಕ್ಕೆ ಸಿದ್ಧರಾಗಿ ಕೂತಿದ್ದ ಮೇಸ್ತ್ರಿಗಳಿಗೆ ಅದು ಬೈಗುಳಕ್ಕಿಂತ ಹೆಚ್ಚು ನೋಯಿತು. "ಸರಿ ಮಾಡೋಕೆ ಆಗುತ್ತಾ?" ಎಂದು ಕೇಳಿದರು.

"ಇನ್ನೊಂದು ತಿಂಗಳು ಹೋಗಿದ್ರೆ ಆಗ್ತಿರಲಿಲ್ಲ. ಈಗ ಆಗಬಹುದು. ಆದ್ರೆ..." ಅವಳು ಅವರನ್ನು ನೋಡಿ ನಿಲ್ಲಿಸಿದಳು.

"ನಾನು ಎದುರಿಗಿರಬಾರದು. ಅದು ತಾನೆ?"

"ದನಿ ಕೂಡ ಕೇಳಬಾರದು ಮಾವ. ನೀವಿದ್ರೆ ಅದು ಇನ್ನೊಬ್ಬರ ಹತ್ರ ಯಾಕೆ ಬರುತ್ತೆ?"

ಮಾರನೇ ದಿನದಿಂದ ಮೇಸ್ತ್ರಿಗಳು ಏಳು ಗಂಟೆಗೇ ಮನೆ ಬಿಡತೊಡಗಿದರು. ಮೂರು ಬೀದಿಯಾಚೆ ಹಳೆಯ ಗೆಳೆಯನೊಬ್ಬ ಲಿಫ್ಟಿನ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿದ್ದ. ಅಲ್ಲಿ ಸ್ಟೂಲಿನ ಮೇಲೆ ಕೂತು ತುಕ್ಕು ಹಿಡಿದ ಸಾಮಾನು ಉಜ್ಜುವುದು, ಬರುವ ಹುಡುಗರಿಗೆ ಬುದ್ಧಿ ಹೇಳುವುದು. ಮಧ್ಯಾಹ್ನ ಮಗ ಬೇಕರಿಯಿಂದ ಬನ್ನು ತಂದುಕೊಡುತ್ತಿದ್ದ. ಸಂಜೆ ಬಂದರೆ ನೇರ ತಮ್ಮ ರೂಮು; ಬಾಗಿಲ ಸಂದಿಗೆ ಬಟ್ಟೆ ತುರುಕಿ, ತಟ್ಟೆ ಒಳಗೇ ತರಿಸಿಕೊಂಡು ಊಟ. ಅವರ ಹಾಸಿಗೆಬಟ್ಟೆಯನ್ನು ಸೊಸೆ ಎರಡೆರಡು ಸಲ ಒಗೆದಳು.

"ಎರಡು ದಿನ ಏನೂ ತಿಂದಿಲ್ಲ," ಎಂದ ಮಗ ಒಂದು ಮಧ್ಯಾಹ್ನ. "ನಿಮ್ಮ ಬಾಗಿಲ ಹತ್ರ ಕೂತು ಅರಚ್ತಿರುತ್ತೆ."

"ನನಗೆ ಹೇಳಬೇಡ." ಬನ್ನು ಮುರಿದರು, ಬಾಯಿಗಿಡಲಿಲ್ಲ. "ಯಾರೂ ತಿನ್ನಿಸಿ ನೋಡ್ಲಿಲ್ವಾ?"

"ಅವಳು ಪಕ್ಕದಲ್ಲೇ ನೆಲದ ಮೇಲೆ ಮಲಗಿರ್ತಾಳೆ, ಕೈಯಲ್ಲಿ ಮಾಂಸದ ಚೂರು ಹಿಡ್ಕೊಂಡು. ಅದನ್ನ ನೋಡದ ಹಾಗೆ."

ಮೂರನೇ ದಿನ ಆ ಚೂರನ್ನು ತಿಂದಿತಂತೆ. ಆರನೇ ದಿನ ಲಾಯರಿನ ಪುಸ್ತಕದ ಮೇಲೆ ಕೂತಿತಂತೆ. ಎರಡನೇ ವಾರ ಮಗನ ಪಾಳಿಯಲ್ಲಿ ಅವನ ಹಿಟ್ಟಿನ ಚಪ್ಪಲಿಯ ಮೇಲೆ ಮಲಗಿತು. ಈಗ ಯಾರೂ ಪಾಳಿ ತಪ್ಪಿಸುತ್ತಿರಲಿಲ್ಲ. ಒಬ್ಬರು ಟಿಕ್ಕು ಹಾಕುವಾಗ ಇನ್ನೊಬ್ಬರು ನಿಂತು ನೋಡುತ್ತಿದ್ದರು. ಕೆಳಮನೆಯ ದರ್ಜಿಯನ್ನು ಬೇಡಿಕೊಂಡು ನಾಲ್ಕನೇ ಕೈ ಮಾಡಿಕೊಂಡಿದ್ದರು. ಉಳಿದ ಮೂರು ಮರಿಗಳು ತಮ್ಮ ತಮ್ಮ ಮನೆಗೆ ಹೋದವು. ಮೇಸ್ತ್ರಿಗಳು ದಿನಾ ಕೇಳುತ್ತಿದ್ದದ್ದು ಒಂದೇ: "ತೂಕ ಎಷ್ಟಾಯ್ತು?" ಮಗ ಗ್ರಾಮಿನ ಲೆಕ್ಕದಲ್ಲಿ ಹೇಳುತ್ತಿದ್ದ. ಏರುತ್ತಿತ್ತು. ಅದು ತಮ್ಮನ್ನು ಬಿಟ್ಟು ಏರುತ್ತಿದೆಯೆಂದು ಅವರಿಗೆ ಸಂಕಟವೂ ಆಗುತ್ತಿತ್ತು, ಆ ಸಂಕಟದ ಬಗ್ಗೆ ನಾಚಿಕೆಯೂ ಆಗುತ್ತಿತ್ತು.

ಹದಿನಾಲ್ಕನೇ ವಾರದ ಭಾನುವಾರ ಸೊಸೆ ಅವರ ರೂಮಿನ ಬಾಗಿಲು ತಟ್ಟಿದಳು. "ಇವತ್ತು ಹೋಗಬೇಡಿ ಮಾವ. ಹಲ್ಲಿನ ಡಾಕ್ಟ್ರು ಬರ್ತಾರೆ. ನೀವು ಎದುರಿಗಿದ್ದಾಗಲೂ ಅದು ಅವರ ಹತ್ರ ಹೋಗುತ್ತಾ ಅಂತ ನೋಡಬೇಕು. ಕರೀಬೇಡಿ, ಅಷ್ಟೇ."

ಮೇಸ್ತ್ರಿಗಳು ಶುಭ್ರವಾದ ಅಂಗಿ ಹಾಕಿಕೊಂಡು ನಡುಮನೆಯ ಗೋಡೆಗೆ ಒರಗಿ, ಕೈ ಬೆನ್ನ ಹಿಂದೆ ಕಟ್ಟಿ ನಿಂತರು. ಡಾಕ್ಟರು ನೆಲದ ಮೇಲೆ ಕೂತಿದ್ದರು. ಹಿಂದಿನ ಕೋಣೆಯ ಬಾಗಿಲು ತೆರೆಯಿತು. ಹೊರಗೆ ಬಂದದ್ದು ಒಂದು ಉದ್ದನೆಯ, ಮಿರಿಮಿರಿ ಮಿಂಚುವ ಪ್ರಾಣಿ. ಹೊನ್ನಿನ ಬಣ್ಣದ ಮೈತುಂಬ ಕಪ್ಪು ಚುಕ್ಕೆ, ಬಾಲಕ್ಕೆ ಉಂಗುರ. ಚೆಂದದ ಬೆಕ್ಕು ಎಂದುಕೊಂಡರು. ಇದು ಯಾವುದು ಹೊಸದು ಎಂದುಕೊಂಡು ಅದರ ಹಿಂದೆ ತಮ್ಮ ಬೂದಿ ಬಣ್ಣದ ಬೋಲ್ಟನ್ನು ಹುಡುಕಿದರು. ಹಿಂದೆ ಯಾವ ಮರಿಯೂ ಇರಲಿಲ್ಲ. ಕತ್ತಿನ ನೀಲಿ ದಾರ ಕಂಡಿತು. ಅವರು ಸಾಕಿದ್ದು ಬರೀ ಮುಸುಕನ್ನು. ಒಳಗಿನದು ಅವರಿಲ್ಲದಾಗ ಹೊರಗೆ ಬಂದಿತ್ತು.

ಅದು ನೇರ ಅವರ ಕಾಲ ಬಳಿ ಬಂತು. ಪಾದ ಮೂಸಿತು, ಬೆರಳು ಮೂಸಿತು, ತಲೆಯೆತ್ತಿ ನೋಡಿತು. ಬೋಲ್ಟು ಎನ್ನುವ ಹೆಸರು ಮೇಸ್ತ್ರಿಗಳ ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ಹಲ್ಲು ಕಚ್ಚಿ ಅದನ್ನು ನುಂಗಿದರು. ಅವರ ಜೀವಮಾನದಲ್ಲಿ ಅದಕ್ಕಿಂತ ಭಾರದ್ದನ್ನು ಅವರು ಎತ್ತಿ ಹಿಡಿದಿರಲಿಲ್ಲ. ಬೆಕ್ಕು ಇನ್ನೊಂದು ಗಳಿಗೆ ನೋಡಿ, ತಿರುಗಿ, ಸಾವಕಾಶವಾಗಿ ನಡೆದು ಹೋಗಿ ಡಾಕ್ಟರ ಮಡಿಲು ಹತ್ತಿ ಕೂತಿತು.

"ಅಯ್ಯೋ ಬಂಗಾರ!" ಎಂದರು ಡಾಕ್ಟರು. ಅದರ ಕಿವಿಯ ಬುಡ ತುರಿಸುತ್ತ ಮೇಸ್ತ್ರಿಗಳತ್ತ ನೋಡಿದರು. "ಎಷ್ಟು ಸಾಧು ಆಗಿಬಿಟ್ಟಿದೆ. ಸಾಕಿದ್ದು ನೀವಾ?"

"ಅಲ್ಲಮ್ಮ. ಸಾಕಿದ್ದು ನನ್ನ ಸೊಸೆ. ಈ ವಿದ್ಯೆ ಅವಳದು, ಆರು ವರ್ಷದಿಂದ ಮಾಡ್ತಿದ್ದಾಳೆ. ನನಗೇನೂ ಗೊತ್ತಿಲ್ಲ, ನಾನು ಲಿಫ್ಟ್ ರಿಪೇರಿಯವನು."

ಕಾಗದಕ್ಕೆ ಸಹಿ ಮಾಡುತ್ತಿದ್ದ ಸೊಸೆಯ ಪೆನ್ನು ನಿಂತಿತು. ಅವಳು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಸಹಿ ಮುಗಿಸಿದಳು.

ಬುಟ್ಟಿಯ ಜೊತೆ ಡಾಕ್ಟರನ್ನು ಕೆಳಗಿನವರೆಗೆ ಬಿಟ್ಟು ಬರಲು ಮಗ, ಮೊಮ್ಮಗಳು ಹೋದರು. ಸೊಸೆ ಮೇಜಿನ ಮೇಲೆ ತಟ್ಟೆಗಳನ್ನು ಜೋಡಿಸಿ, ಬಿಸಿ ಆಲೂಗಡ್ಡೆ ಬಡಿಸಿ, ಮಾವನ ಕುರ್ಚಿ ಎಳೆದಳು.

"ನಾಳೆಯಿಂದ ನೀವು ಮನೇಲೇ ಇರಬಹುದು, ಮಾವ."

"ಹೌದಲ್ವಾ," ಎಂದರು ಮೇಸ್ತ್ರಿಗಳು. ಕೂತರು. ಒಂದು ಚೂರು ಆಲೂಗಡ್ಡೆ ಮುರಿದರು. ಆಮೇಲೆ, ಹೆಂಡತಿ ಹೋದಾಗಲೂ ಯಾರೆದುರೂ ಅಳದಿದ್ದ ಮನುಷ್ಯ, ತಟ್ಟೆಯ ಮುಂದೆ ಮಗುವಿನ ಹಾಗೆ ಅತ್ತುಬಿಟ್ಟರು. ಸೊಸೆ ತನ್ನ ತಟ್ಟೆಯನ್ನು ಆ ಬದಿಯಿಂದ ಎತ್ತಿಕೊಂಡು ಬಂದು ಅವರ ಪಕ್ಕದಲ್ಲೇ ಊಟಕ್ಕೆ ಕೂತಳು.